ಹಲ್ಲಿನ ಹುಳುಕನ್ನು ದಿನಚರಿಯಿಂದಲೇ ತಡೆಯಬಹುದೇ?

ಪ್ರಶ್ನೆ, ತೀರ್ಥಹಳ್ಳಿಯಿಂದ:
ನಮ್ಮ ಮನೆಯಲ್ಲಿ ಬೆಲ್ಲದ ಕಾಫಿ ಮಾಡಿದಾಗಲೆಲ್ಲ ಐದು ವರ್ಷದ ಮಗಳೂ ಒಂದೆರಡು ಗುಟುಕು ಕುಡಿಯುತ್ತಾಳೆ. ಈಗ ಅವಳ ದವಡೆ ಹಲ್ಲಿನಲ್ಲಿ ಕಪ್ಪು ಚುಕ್ಕೆ ಕಾಣಿಸಿದೆ. ಉಮಿಕರಿಯಿಂದ ಉಜ್ಜಿಸಿದರೆ ಸಾಕೇ?

ಉತ್ತರ, ಸಾಗರದಿಂದ:
ದಯವಿಟ್ಟು ಉಮಿಕರಿ ಬೇಡ, ಅದು ಎನಾಮೆಲನ್ನು, ಅಂದರೆ ಹಲ್ಲಿನ ಗಟ್ಟಿ ಹೊರಪದರವನ್ನು, ಸವೆಸುತ್ತದೆ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಆಮ್ಲವನ್ನು ಉಂಟುಮಾಡಿ, ಪಿಎಚ್ (ಆಮ್ಲೀಯತೆಯ ಅಳತೆ; ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲ್ ಕರಗತೊಡಗುತ್ತದೆ. ಅದನ್ನು ಸರಿಪಡಿಸಲು ಜೊಲ್ಲಿಗೆ ಬಿಡುವು ಬೇಕಾಗುವುದರಿಂದ, ಸಿಹಿ ಎಷ್ಟು ಸಲ ಬಾಯಿಗೆ ಹೋಗುತ್ತದೆ ಎಂಬುದು ಬಹಳ ಮುಖ್ಯ. ಬೆಲ್ಲವೂ ಸಕ್ಕರೆಯೇ. ಸಿಹಿಯನ್ನು ಊಟದ ಜೊತೆಗೇ ಮುಗಿಸಿ, ನಡುವೆ ನೀರು ಕೊಡಿ.

ಉತ್ತರ, ಹೊಸನಗರದಿಂದ:
ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ, ಬೆಳಿಗ್ಗೆ ಮತ್ತು ಮಲಗುವ ಮುನ್ನ ನೀವೇ ಉಜ್ಜಿರಿ. ಚುಕ್ಕೆಯನ್ನು ಬೇಗನೆ ದಂತವೈದ್ಯರಿಗೆ ತೋರಿಸಿ. ಹಾಲುಹಲ್ಲೆಂದು ಅಲಕ್ಷಿಸಬೇಡಿ, ಆ ದವಡೆ ಹಲ್ಲುಗಳು 10–12 ವರ್ಷದವರೆಗೂ ಇರಬೇಕಾದವು.