ನಮ್ಮ ಅಡ್ಡರಸ್ತೆ ಗ್ರೂಪ್: ಮೂಲೆ ಸೈಟಿನ ಗಾಡಿಗಳ ವಿಷಯ

ಮನೆ 11, ಬೆಳಿಗ್ಗೆ 5:52
ರಾತ್ರಿಯಿಡೀ ನಿದ್ದೆ ಇಲ್ಲ. ಹನ್ನೊಂದೂವರೆಗೆ ಮಗನಿಗೆ ವಾಂತಿ ಶುರುವಾಯಿತು. ಕಾರು ತೆಗೆಯೋಣ ಅಂದರೆ ಗೇಟಿಗೆ ಅಡ್ಡ ನಾಲ್ಕು ಸ್ಕೂಟರ್. ಮಳೆಯಲ್ಲಿ ನೆನೆಯುತ್ತಾ ಒಬ್ಬೊಬ್ಬರನ್ನೇ ಗೋಬಿ ಪ್ಲೇಟಿನಿಂದ ಎಬ್ಬಿಸಿ ತಂದೆ. ಒಬ್ಬನಂತೂ "ಎರಡೇ ತುತ್ತು ಅಕ್ಕ, ಬಂದೆ" ಅಂದ. ಆಸ್ಪತ್ರೆಯಲ್ಲಿ ತೂಕ ನೋಡಿದರು. 71 ಕೆಜಿ. ಹದಿನಾಲ್ಕು ವರ್ಷದ ಹುಡುಗ! ಟ್ಯೂಷನ್‌ನಿಂದ ಮನೆಗೆ ಬರುವ ದಾರಿಯಲ್ಲಿ ಆರು ಗಾಡಿ. ಒಂದರಲ್ಲೂ ಬಾಳೆಹಣ್ಣು ಸಿಗುವುದಿಲ್ಲ. ಗಾಡಿ ಇಲ್ಲಿಂದ ಹೋಗಬೇಕು. ಅಷ್ಟೇ.

ಮನೆ 19
ಅಯ್ಯೋ ಅಕ್ಕ, ಈಗ ಹೇಗಿದ್ದಾನೆ?

ಮನೆ 11
ಸಲೈನ್ ಹಾಕಿದ್ದಾರೆ. ಮಲಗಿದ್ದಾನೆ.

ಮನೆ 3
ತಂಗಿ, ಬೇಜಾರು ಮಾಡಿಕೊಳ್ಳಬೇಡ. ಗಾಡಿಯವನು ಬಾಯಿಗೆ ತುರುಕಲಿಲ್ಲ.

ಮನೆ 3
ದುಡ್ಡು ಕೊಟ್ಟು ಕಳಿಸಿದವರು ಯಾರು?

ಮನೆ 3
ನಾವೂ ಹುಡುಗರಾಗಿದ್ದೆವು. ಗಂಜಿ, ಒಣಮೀನು, ಮುಗಿಯಿತು. ಬಾಯಿಗೆ ಬೀಗ ಇಲ್ಲದಿದ್ದರೆ ಗಾಡಿ ತೆಗೆದು ಏನು ಪ್ರಯೋಜನ?

ಮನೆ 6, ಮಾಸ್ತರ್
ಬರೀ ಬಾಯಿಯ ವಿಷಯ ಅಲ್ಲ ಅದು. ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ನೋಡಿದ್ದಾರೆ. ಶಾಲೆಯಿಂದ ಸುಮಾರು 160 ಮೀಟರ್ ಒಳಗೆ ಫಾಸ್ಟ್‌ಫುಡ್ ಅಂಗಡಿ ಇದ್ದಲ್ಲಿ ಬೊಜ್ಜಿನ ಪ್ರಮಾಣ ಶೇ 5ರಷ್ಟು ಜಾಸ್ತಿ. ಅದೇ ಅಂಗಡಿ 400 ಮೀಟರ್ ಆಚೆ ಇದ್ದರೆ ವ್ಯತ್ಯಾಸವೇ ಕಾಣಲಿಲ್ಲ. ಹಾಗಾಗಿ ಗಾಡಿ ಮುಚ್ಚಿಸಬೇಕು ಅಂತಲೂ ಇಲ್ಲ, ದೂರ ಹೋದರೆ ಸಾಕು.

ಮನೆ 3
ಮಾಸ್ತರೆ, ಅದು ಕ್ಯಾಲಿಫೋರ್ನಿಯಾ. ಇದು ಕಾರವಾರ.

ಮನೆ 19
ಎರಡಕ್ಕೂ ಪಶ್ಚಿಮದಲ್ಲೇ ಸಮುದ್ರ ಮಾಮ 😄

ಮನೆ 14
*ಬಂದದ್ದನ್ನು ಕಳಿಸಿದ್ದೇನೆ:* ಬಿಸಿನೀರಿಗೆ ಜೀರಿಗೆ, ನಿಂಬೆಹಣ್ಣು. ಏಳೇ ದಿನದಲ್ಲಿ ಹೊಟ್ಟೆ ಮಾಯ!! ಹತ್ತು ಜನರಿಗೆ ಕಳಿಸಿ 🙏🙏

ಮನೆ 8
ನರ್ಸ್ ಆಗಿ ಹೇಳುತ್ತೇನೆ, ಅದರಿಂದ ಬಾಯಾರಿಕೆ ಬಿಟ್ಟು ಬೇರೇನೂ ಹೋಗುವುದಿಲ್ಲ. ನಮ್ಮ ದೇಶದ ದೊಡ್ಡವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ಗಂಡಸರ ಸೊಂಟ 90 ಸೆಂಟಿಮೀಟರ್ ದಾಟಬಾರದು. ಮಕ್ಕಳಿಗೆ ವಯಸ್ಸಿನ ಚಾರ್ಟ್ ಬೇರೆ ಇದೆ. ಮಾಮ, ನೀವೂ ಒಂದು ಟೇಪು ಹಿಡಿದು ನೋಡಿಕೊಳ್ಳಿ, ಆಮೇಲೆ ಬೀಗದ ಮಾತು.

ಮನೆ 3
ನನ್ನ ಹೊಟ್ಟೆ ಗ್ರೂಪಿನ ವಿಷಯ ಅಲ್ಲ.

ಮನೆ 22
ಈಗ ಬೋಟು ಬಂದ್ ಅಲ್ವಾ? ಜುಲೈ 31ರ ತನಕ ಮೀನಿಗೆ ಬಂಗಾರದ ರೇಟು. ನಮ್ಮ ಮನೆಯಲ್ಲೂ ಬೇಳೆ ಸಾರು ನೋಡಿ ಮುಖ ತಿರುಗಿಸಿ ಗೋಬಿಗೆ ಓಡುತ್ತಾರೆ. ಅಂದಹಾಗೆ ಗೋಬಿಯನ್ನೇ ಸರ್ಕಾರ ಬಂದ್ ಮಾಡಿತ್ತಲ್ಲ?

ಮನೆ 6, ಮಾಸ್ತರ್
ಗೋಬಿ ಅಲ್ಲ, ಅದಕ್ಕೆ ಹಾಕುವ ಕೃತಕ ಬಣ್ಣ. 2024ರ ಮಾರ್ಚ್‌ನಲ್ಲಿ. ನಮಗೆ ಬೇಕಾದದ್ದು 2020ರ ನಿಯಮ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಮಾರುವ ಹಾಗಿಲ್ಲ. ನಿನ್ನೆ ವಾಕಿಂಗ್‌ನಲ್ಲಿ ಎಣಿಸಿದೆ. ಗೇಟಿನಿಂದ ಮೊದಲ ಗಾಡಿಗೆ 70 ಹೆಜ್ಜೆ.

ಮನೆ 3
ನಿಮ್ಮ ಹೆಜ್ಜೆಯೋ, ನನ್ನ ಹೆಜ್ಜೆಯೋ? ನನ್ನದು 62.

ಮನೆ 8
ಅದೂ ಇರಲಿ, ಹಿಂದಿನ ಗೇಟಿನಿಂದ ಅಳೆದರೆ ಇನ್ನೂ ಕಡಿಮೆ.

ಮನೆ 3
ಹಿಂದಿನ ಗೇಟಿಗೆ ಬೀಗ ಹಾಕಿ ಎರಡು ವರ್ಷ ಆಯಿತು. ಸುಮ್ನೆ ಗೊತ್ತಿಲ್ಲದೆ ಮಾತಾಡಬಾರದು.

*(ಹೆಜ್ಜೆ, ಗೇಟುಗಳ ಬಗ್ಗೆ ಇನ್ನೂ 31 ಸಂದೇಶ)*

ಮನೆ 11, ಮಧ್ಯಾಹ್ನ 12:40
ನಾನು ಹೇಳಿದ್ದು ಹೆಜ್ಜೆಯ ವಿಷಯ ಅಲ್ಲ. ನೆನಪಿದೆಯಾ, ಆ ಮೂಲೆಯಲ್ಲಿ ಮೊದಲು ಅಂಕೋಲೆ ಕಡೆಯ ಅಮ್ಮ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಬಸಳೆ, ಹರಿವೆ, ಬಾಳೆಕಾಯಿ. ಬಸಳೆ ಕಟ್ಟಿನ ಮೇಲೆ ಒದ್ದೆ ಗೋಣಿ ಹೊದಿಸಿರುತ್ತಿದ್ದಳು. ಪಕ್ಕದಲ್ಲಿ ಮೀನಿನ ಅಕ್ಕ. ನೊಣ, ವಾಸನೆ ಅಂತ ಇಬ್ಬರನ್ನೂ ಎಬ್ಬಿಸಿದ್ದು ಇದೇ ಗ್ರೂಪು. ನಾನೂ ಸಹಿ ಹಾಕಿದ್ದೆ. ಈಗ ಬಸಳೆ ಬೇಕಾದರೆ ಪೇಟೆ, ರಿಕ್ಷಾಕ್ಕೆ 80 ರೂಪಾಯಿ. ಗೋಬಿ ಗೇಟಿನ ಎದುರೇ, 40 ರೂಪಾಯಿ. ಆಫೀಸಿನಿಂದ ಸುಸ್ತಾಗಿ ಬಂದವಳು ಯಾವುದು ತರುತ್ತಾಳೆ ಹೇಳಿ. ಗಾಡಿ ಆಮೇಲೆ ನೋಡೋಣ, ಮೊದಲು ಆ ಅಮ್ಮನನ್ನು ಕರೆಯೋಣ.

ಮನೆ 22
ಹೌದು ಮಾರಾಯ್ರೆ, ಆ ಹರಿವೆ ಸೊಪ್ಪು!

ಮನೆ 3
ಆಗ ನೊಣ ಇದ್ದದ್ದು ಸುಳ್ಳಾ?

ಮನೆ 19
ಮಾಮ, ಒಂದು ಡೌಟು. ಈಗ ಗಾಡಿ ನಿಲ್ಲುವ ಸೈಟು ಯಾರದ್ದು?

ಮನೆ 3, 1:35
ಖಾಲಿ ಬಿಟ್ಟಿದ್ದರೆ ಹಾವು ಬರುತ್ತಿತ್ತು. ಈಗ ಲೈಟಾದರೂ ಇದೆ.

ಮನೆ 8
ಗಾಡಿಗೆ ದಿನಕ್ಕೆ ಎಷ್ಟು ಮಾಮ?

ಮನೆ 3
ಅದು ವೈಯಕ್ತಿಕ. ತಮಾ, ನಿನಗೂ ಹೇಳುತ್ತಿದ್ದೇನೆ. ವಾರಕ್ಕೆ ನಾಲ್ಕು ದಿನ ನಿನ್ನನ್ನೂ ಅಲ್ಲೇ ನೋಡಿದ್ದೇನೆ.

ಮನೆ 19
ನಾನು ಮೊಟ್ಟೆ ಮಾತ್ರ 🙈

ಅಡ್ಮಿನ್, ಸಂಜೆ 4:15
ಎಲ್ಲರೂ ಶಾಂತವಾಗಿರಿ. ಭಾನುವಾರ 5ಕ್ಕೆ ದೇವಸ್ಥಾನದ ಕಟ್ಟೆಯಲ್ಲಿ ಸೇರೋಣ. ನಗರಸಭೆಗೆ ಅರ್ಜಿ ಕೊಡೋಣ. ಯಾರು ಬರೆಯುತ್ತೀರಿ?

ಅಡ್ಮಿನ್, 5:30
ಅರ್ಜಿ ಯಾರು ಬರೆಯುತ್ತೀರಿ?

ಮನೆ 14
*ಫೋಟೋ.* ನಮ್ಮ ಮನೆ ಮುಂದಿನ ಗಟಾರ ನೋಡಿ. ಗೋಬಿ ದಂಟು, ಪೇಪರ್ ಪ್ಲೇಟು ಕಟ್ಟಿಕೊಂಡು ನೀರು ಮೆಟ್ಟಿಲ ತನಕ ಬಂದಿದೆ.

ಮನೆ 3
ಇದು ನಿಜವಾದ ಸಮಸ್ಯೆ. ನಾನು ಮೇ ತಿಂಗಳಲ್ಲೇ ಹೇಳಿದ್ದೆ.

ಮನೆ 22
ನಮ್ಮ ಕಡೆಯೂ ಹಾಗೇ. ಇವತ್ತು ರಾತ್ರಿ ಇನ್ನೂ ಸುರಿದರೆ ಕಥೆ ಮುಗಿಯಿತು.

ಅಡ್ಮಿನ್
ಇಬ್ಬರು ಆಳು ಹೇಳಿದ್ದೇನೆ, ನಾಳೆ ಬೆಳಿಗ್ಗೆ ಬರುತ್ತಾರೆ. ಮನೆಗೆ 200. ಭಾನುವಾರ ಸೇರುವುದು ಸದ್ಯಕ್ಕೆ ಬೇಡ, ಮಳೆ ಕಡಿಮೆಯಾಗಲಿ.

ಮನೆ 11, ರಾತ್ರಿ 8:10
ಮಗ ಮನೆಗೆ ಬಂದ. ಗಂಜಿ ಕುಡಿದ. ಬಸಳೆ ಅಮ್ಮನ ನಂಬರ್ ಯಾರ ಹತ್ತಿರವಾದರೂ ಇದೆಯಾ?

ಮನೆ 3
ಗಟಾರಕ್ಕೆ 200 ಕೊಟ್ಟೆ.

ಮನೆ 22
ಕೊಟ್ಟೆ.

ಮನೆ 6, ಮಾಸ್ತರ್
ಕೊಟ್ಟೆ.

ಮನೆ 19
ನನ್ನ ಹತ್ತಿರ ಐನೂರರ ನೋಟಿದೆ. ತಡೀರಿ, ಮೂಲೆ ಗಾಡಿಯಲ್ಲಿ ಚಿಲ್ಲರೆ ಮಾಡಿಸಿ ಬರುತ್ತೇನೆ.