ತಟಸ್ಥ ವಿಳಂಬ ಸಮೀಕರಣದ ಪರಿಹಾರಕ್ಕೆ ಗುಣಕ 1ಕ್ಕಿಂತ ಕಡಿಮೆ ಇರಲೇಬೇಕೆ?

ಪ್ರಶ್ನೆ

ಕಾಲವನ್ನು ಕ, ಅಜ್ಞಾತ ಫಲನವನ್ನು ಫ, ಸ್ಥಿರ ಗುಣಕವನ್ನು ಗ ಎಂದು ಕರೆಯೋಣ. ಫ(ಕ) − ಗ·ಫ(ಕ−1) ಎಂಬುದರ ನಿಷ್ಪನ್ನವು ಕ, ಫ(ಕ), ಫ(ಕ−1) ಇವುಗಳ ಒಂದು ಅವಿಚ್ಛಿನ್ನ ಫಲನಕ್ಕೆ ಸಮವಾಗಿದೆ. ನಿಷ್ಪನ್ನದೊಳಗೂ ಹಿಂದಿನ ಕಾಲದ ಫ ಬರುವುದರಿಂದ ಇದು ತಟಸ್ಥ ವಿಳಂಬ ಸಮೀಕರಣ. −1ರಿಂದ 0ವರೆಗೆ ಫ ಎಷ್ಟೆಂಬುದು ಗೊತ್ತಿದೆ. ಎರಡೂ ಬದಿ ಅನುಕಲಿಸಿ, ಷೌಡರ್ ಪ್ರಮೇಯದಿಂದ ಸ್ಥಿರ ಬಿಂದುವನ್ನು, ಅಂದರೆ ಬಲಬದಿಗೆ ಹಾಕಿದರೆ ತಾನೇ ಮರಳಿ ಬರುವ ಫಲನವನ್ನು, ಪಡೆಯಲು ಹೊರಟೆ. ಆ ಪ್ರಮೇಯ ಕೇಳುವಂತೆ ಅನುಕಲದ ಭಾಗ ಕಾಂಪ್ಯಾಕ್ಟ್ ಆಗುತ್ತದೆ (ಪರಿಮಿತ ಗಣದ ಯಾವ ಫಲನಗಳ ಸರಣಿಗೆ ಅದನ್ನು ಪ್ರಯೋಗಿಸಿದರೂ ಫಲಿತಗಳಿಂದ ಒಮ್ಮುಖವಾಗುವ ಉಪಸರಣಿಯನ್ನು ಆಯಬಹುದು). ಆದರೆ ಗ·ಫ(ಕ−1) ಎಂಬ ಪದವು ಫಲನವನ್ನು ಸರಿಸುತ್ತದೆಯೇ ಹೊರತು ನಯಗೊಳಿಸುವುದಿಲ್ಲ, ಹಾಗಾಗಿ ದೀರ್ಘ ಅವಧಿಯಲ್ಲಿ ಸಾಧನೆ ಅಲ್ಲೇ ನಿಂತುಬಿಡುತ್ತದೆ. ನಾನು ಓದಿದ ಲೇಖನಗಳಲ್ಲೆಲ್ಲ |ಗ| < 1 ಎಂಬ ಷರತ್ತಿದೆ. ಅದು ಅನಿವಾರ್ಯವೇ?

ಉತ್ತರ 1

ನೀವು ಹುಡುಕುತ್ತಿರುವುದು ಕ್ರಾಸ್ನೊಸೆಲ್ಸ್ಕಿ ಪ್ರಮೇಯ. ಮುಚ್ಚಿದ, ಪರಿಮಿತ, ಪೀನ ಗಣವೊಂದರಲ್ಲಿ ಒಂದು ಪರಿಕರ್ಮ (ಫಲನವನ್ನು ಫಲನಕ್ಕೆ ಒಯ್ಯುವ ನಿಯಮ) ಅವಿಚ್ಛಿನ್ನವೂ ಕಾಂಪ್ಯಾಕ್ಟೂ ಆಗಿದ್ದು, ಇನ್ನೊಂದು ಸಂಕೋಚಕವಾಗಿದ್ದು (ಎರಡು ಬಿಂದುಗಳ ನಡುವಿನ ದೂರವನ್ನು 1ಕ್ಕಿಂತ ಕಡಿಮೆಯ ಒಂದು ಸ್ಥಿರ ಪ್ರಮಾಣದಲ್ಲಿ ಕುಗ್ಗಿಸುವಂಥದ್ದು), ಗಣದ ಯಾವ ಎರಡು ಬಿಂದುಗಳ ಮೇಲೆ ಅವನ್ನು ಪ್ರಯೋಗಿಸಿ ಕೂಡಿಸಿದರೂ ಮೊತ್ತ ಅದೇ ಗಣದೊಳಗೆ ಉಳಿದರೆ, ಆ ಮೊತ್ತಕ್ಕೆ ಸ್ಥಿರ ಬಿಂದುವಿದೆ. ಅನುಕಲವನ್ನು ಕಾಂಪ್ಯಾಕ್ಟ್ ಭಾಗವೆಂದೂ ವಿಳಂಬದ ಪದವನ್ನು ಸಂಕೋಚಕವೆಂದೂ ತೆಗೆದುಕೊಳ್ಳಿ. |ಗ| < 1 ಬರುವುದು ಈ ಎರಡನೆಯದರಿಂದ.

ಉತ್ತರ 2

ಪ್ರಮೇಯ ಸರಿ, ಆದರೆ ಈ ಪ್ರಶ್ನೆಗೆ ಅದರ ಅಗತ್ಯವೇ ಇಲ್ಲ. 0ಯಿಂದ 1ರವರೆಗೆ ಫ(ಕ−1) ಅಜ್ಞಾತವಲ್ಲ, ಕೊಟ್ಟಿರುವ ಇತಿಹಾಸವೇ (−1ರಿಂದ 0ವರೆಗಿನ ಫ) ಅದು. ಫ(ಕ) − ಗ·ಫ(ಕ−1) ಅನ್ನು ಹೊಸ ಅಜ್ಞಾತವೆಂದು ಹಿಡಿದರೆ ಸಾಮಾನ್ಯ ಅವಕಲ ಸಮೀಕರಣ ಸಿಗುತ್ತದೆ, ಬಲಬದಿ ಅವಿಚ್ಛಿನ್ನವಾಗಿದ್ದರೆ ಅಂಥ ಸಮೀಕರಣಕ್ಕೆ ಪರಿಹಾರವಿದೆ ಎನ್ನುವ ಪಿಯಾನೊ ಪ್ರಮೇಯ ಸಾಕು. ಬಲಬದಿ ಪರಿಮಿತವಾಗಿದ್ದರೆ ಹೀಗೇ ಒಂದೊಂದು ಹೆಜ್ಜೆಯಾಗಿ ಎಷ್ಟು ದೂರವಾದರೂ ಹೋಗಬಹುದು, ಗ ಎಷ್ಟೇ ಇರಲಿ.

ಬಲಬದಿ 0, ಗ = 2, ಇತಿಹಾಸ ಫ(ಕ) = ಕ ಎಂದಿಟ್ಟುಕೊಂಡು ಕೈಯಾರೆ ಲೆಕ್ಕ ಹಾಕಿ ನೋಡಿ. ಫ(0) − 2ಫ(−1) = 2. ಆದ್ದರಿಂದ 0ಯಿಂದ 1ರವರೆಗೆ ಫ = 2ಕ, 1ರಿಂದ 2ರವರೆಗೆ ಫ = 4ಕ − 2. ಪರಿಹಾರ ಇದೆ, ಒಂದೇ ಇದೆ. ಇಳಿಜಾರು ಮಾತ್ರ 1, 2, 4 ಎಂದು ಜಿಗಿಯುತ್ತ ಹೋಗುತ್ತದೆ, ಆರಂಭದ ಮೂಲೆ ಎಂದಿಗೂ ಸವೆಯುವುದಿಲ್ಲ. ನಿಷ್ಪನ್ನದಲ್ಲಿ ವಿಳಂಬವಿಲ್ಲದ ಸಮೀಕರಣಗಳಲ್ಲಿ ಹೆಜ್ಜೆಹೆಜ್ಜೆಗೂ ಪರಿಹಾರ ನಯವಾಗುತ್ತದೆ. ತಟಸ್ಥ ಸಮೀಕರಣದ ನಿಜವಾದ ತೊಡಕು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. |ಗ| < 1 ಬೇಕೆನಿಸುವುದು ಸ್ಥಿರತೆಯನ್ನು ಸಾಧಿಸುವಾಗ, ಇಲ್ಲವೇ ಇತಿಹಾಸವನ್ನೇ ಕೊಡದೆ ಆವರ್ತಕ ಪರಿಹಾರವನ್ನು ಹುಡುಕುವಾಗ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ನನ್ನ ಮುಂದಿನ ಸಮಸ್ಯೆಯಲ್ಲಿ ಫ(ಕ−1) ಇರುವಲ್ಲೆಲ್ಲ ಫ(ಕ/2) ಇದೆ, ಫ(0) ಮಾತ್ರ ಗೊತ್ತಿದೆ. ಅಲ್ಲಿಯೂ ಹೆಜ್ಜೆಗಳ ವಿಧಾನ ನಡೆಯುತ್ತದೆಯೇ?

ಉತ್ತರ 2

ನಡೆಯುವುದಿಲ್ಲ. 0ಯಲ್ಲಿ ವಿಳಂಬವೇ ಶೂನ್ಯವಾಗುವುದರಿಂದ ಮೊದಲ ಹೆಜ್ಜೆಗೆ ಕಾಲೂರಲು ಇತಿಹಾಸವಿಲ್ಲ. ಮೇಲಿನ ಉತ್ತರದ ದಾರಿಯನ್ನೇ ಹಿಡಿಯಿರಿ. ಫ(0)ಯಿಂದ ದೂರ ‘ದ’ವನ್ನು ಮೀರದ ಅವಿಚ್ಛಿನ್ನ ಫಲನಗಳ ಗಣವನ್ನು ತೆಗೆದುಕೊಳ್ಳಿ. ಆ ವ್ಯಾಪ್ತಿಯಲ್ಲಿ ಬಲಬದಿಯ ಗಾತ್ರ ‘ಮ’ವನ್ನು ಮೀರದಿದ್ದರೆ, ವಿಳಂಬದ ಪದ ಹೆಚ್ಚೆಂದರೆ |ಗ| × ದ ದೂರವನ್ನೂ ಅನುಕಲವು ಮ × ಅವಧಿಯಷ್ಟನ್ನೂ ಸೇರಿಸುತ್ತದೆ. ಇವೆರಡರ ಮೊತ್ತ ದ ದಾಟಬಾರದು, ಅಂದರೆ ಅವಧಿ (1 − |ಗ|) × ದ/ಮ ಮೀರಬಾರದು. |ಗ| < 1 ಎಂಬ ಷರತ್ತು ಇಲ್ಲಿ ಸಂಕೋಚನಕ್ಕೂ ಈ ಅವಧಿ ಧನವಾಗಿರುವುದಕ್ಕೂ ಒಟ್ಟಿಗೇ ಬಳಕೆಯಾಗುತ್ತದೆ.