ಪಿಎಚ್‌ಡಿ ಜೊತೆಗೆ ದಿನಾ ಕೆಆರ್‌ಎಸ್ ನೀರಿನ ಲೆಕ್ಕ ಬರೆಯುತ್ತೇನೆ, ನಿಲ್ಲಿಸಲಾ?

ಮಳವಳ್ಳಿ ಹುಡುಗಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೂಗೋಳದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೂರನೇ ವರ್ಷ. ಕೆಆರ್‌ಎಸ್ ಅಣೆಕಟ್ಟಿನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಊರುಗಳಿಗೆ ನೀರು ಯಾವಾಗ ಮುಟ್ಟುತ್ತದೆ, ಎಲ್ಲಿ ಮುಟ್ಟುವುದೇ ಇಲ್ಲ ಅನ್ನೋದು ನನ್ನ ವಿಷಯ. ನಮ್ಮ ಜಮೀನೂ ಅಂಥದ್ದೇ ಊರಲ್ಲಿದೆ. ಅಪ್ಪ ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳುವ ಮೊದಲು "ಕಟ್ಟೆ ಎಷ್ಟಾಯ್ತು?" ಅಂತ ಕೇಳುತ್ತಾರೆ. ಕಟ್ಟೆ ಅಂದರೆ ಕೆಆರ್‌ಎಸ್.

ಅಪ್ಪನಿಗೆ ಹೇಳುವುದನ್ನೇ ನಾಲ್ಕು ಜನಕ್ಕೂ ಹೇಳೋಣ ಅಂತ 2023ರ ಆಗಸ್ಟ್ ಕೊನೆಯಲ್ಲಿ ಆನ್‌ಲೈನ್‌ನಲ್ಲಿ ಬರೆಯಲು ಶುರು ಮಾಡಿದೆ. ಆಗ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ತಮಿಳುನಾಡಿಗೆ 15 ದಿನ 5,000 ಕ್ಯೂಸೆಕ್ ನೀರು ಬಿಡಿ ಎಂದಿತ್ತು. ಮಂಡ್ಯದಲ್ಲಿ ದಿನಾ ರಸ್ತೆ ತಡೆ. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಎಲ್ಲರ ಬಾಯಲ್ಲೂ ಕ್ಯೂಸೆಕ್, ಟಿಎಂಸಿ. ಅವೆರಡಕ್ಕೂ ಏನು ವ್ಯತ್ಯಾಸ ಅಂತ ಕನ್ನಡದಲ್ಲಿ ಸರಳವಾಗಿ ಹೇಳಿದ್ದು ನನ್ನ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. ಅದಕ್ಕೇ ಬರೆದೆ. ನನ್ನ ಹೆಸರಲ್ಲೇ ಬರೆದೆ.

ಈಗ ನನ್ನ ದಿನ ಹೀಗಿದೆ. ಐದೂವರೆಗೆ ಎದ್ದು ಕುಕ್ಕರಹಳ್ಳಿ ಕೆರೆ ಒಂದು ಸುತ್ತು. ಹಾಸ್ಟೆಲಿಗೆ ಬಂದು ಅಣೆಕಟ್ಟಿನ ಮಟ್ಟ, ಒಳಹರಿವು, ಹೊರಹರಿವು ನೋಡಿ ಪೋಸ್ಟ್ ಹಾಕುತ್ತೇನೆ. ಅಷ್ಟಕ್ಕೆ ಇಪ್ಪತ್ತು ನಿಮಿಷ ಸಾಕು. ಆದರೆ ಆಮೇಲೆ ಬರುವ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ ಹನ್ನೊಂದು ಗಂಟೆ ಆಗಿಬಿಡುತ್ತದೆ. ಸಂಜೆ ಪತ್ರಿಕೆ, ಪ್ರಾಧಿಕಾರದ ಸಭೆಯ ಸುದ್ದಿ. ಮೂರನೇ ಅಧ್ಯಾಯ ದೀಪಾವಳಿಯಿಂದ ಹದಿನಾಲ್ಕನೇ ಪುಟದಲ್ಲೇ ನಿಂತಿದೆ. ಆರು ತಿಂಗಳ ಪ್ರಗತಿ ವರದಿ ಹತ್ತಿರ ಬಂತು. "ನೀನು ಮಾಡ್ತಿರೋದು ಒಳ್ಳೆ ಕೆಲಸಾನೇ, ಆದ್ರೆ ಅಧ್ಯಾಯ ಎಲ್ಲಮ್ಮ?" ಅಂದರು ಗೈಡ್ ಮೇಡಂ. ಅವರು ಕೇಳಿದ್ದು ಸರಿಯಾಗೇ ಇದೆ.

ಕಳೆದ ತಿಂಗಳು ಇನ್ನೊಂದು ಆಯ್ತು. ಯಾರೋ ನನ್ನ 2023ರ ಪೋಸ್ಟ್‌ನ ಚಿತ್ರ ತೆಗೆದು, ತಾರೀಖು ಕತ್ತರಿಸಿ, 5,000 ಕ್ಯೂಸೆಕ್ ಇದ್ದ ಕಡೆ 5,000 ಟಿಎಂಸಿ ಅಂತ ಮಾಡಿ, ಈಗಿನ ಸುದ್ದಿ ಅನ್ನುವ ಹಾಗೆ ಹಂಚಿದ್ದಾರೆ. ಕೆಆರ್‌ಎಸ್ ಪೂರ್ತಿ ತುಂಬಿದರೂ ಹಿಡಿಯುವುದು 49.45 ಟಿಎಂಸಿ! ಆದರೂ ನಂಬಿದರು. ಕೆಳಗೆ ನನ್ನ ಹೆಸರು ಹಾಗೇ ಇತ್ತು. "ನಿಮ್ಮ ಮಗಳು ಹಿಂಗೆ ಬರೆದವಳಂತೆ" ಅಂತ ಊರಲ್ಲಿ ಅಪ್ಪನನ್ನು ತಡೆದು ಕೇಳಿದರಂತೆ. ಅಪ್ಪ ನನಗೆ ಏನೂ ಹೇಳಲಿಲ್ಲ. ಅಮ್ಮನಿಂದ ಗೊತ್ತಾಯ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಿಲ್ಲಿಸಲಾ? ಹೆಸರು ತೆಗೆದು ಬರೆಯಲಾ? ಪಿಎಚ್‌ಡಿ ಮಾಡಿದವರು, ನೀರಿನ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ನಿವೃತ್ತ ಎಂಜಿನಿಯರ್, ಮೈಸೂರು:

ನೋಡಮ್ಮ, ನಾನು ನೀರಾವರಿ ಕೆಲಸದಲ್ಲೇ ತಲೆ ಹಣ್ಣು ಮಾಡಿಕೊಂಡವನು. ಮೊದಲು ಚಿತ್ರ ಮಾಡುವ ಕ್ರಮ ಬದಲಿಸು. ತಾರೀಖನ್ನು ಮೂಲೆಯಲ್ಲಿ ಹಾಕಬೇಡ. ಅಂಕಿಯ ಸಾಲಿನಲ್ಲೇ ಸೇರಿಸು: "ಇಂಥ ದಿನ ಬೆಳಿಗ್ಗೆ ಇಷ್ಟು ಗಂಟೆಗೆ ಇಷ್ಟು ಅಡಿ." ಆಗ ತಾರೀಖು ಕತ್ತರಿಸಿದರೆ ಅಂಕಿಯೂ ಹೋಗುತ್ತದೆ.

ಎರಡನೆಯದು, ಲೆಕ್ಕವನ್ನೂ ತೋರಿಸು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಹರಿಯುವ ನೀರಿನ ಅಳತೆ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ನಿಂತ ನೀರಿನ ಅಳತೆ. 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ನಿನ್ನ 5,000 ಕ್ಯೂಸೆಕ್ 15 ದಿನ ಹರಿದರೆ ಸುಮಾರು 6.48 ಟಿಎಂಸಿ ಆಗುತ್ತದೆ. ಇದನ್ನು ಚಿತ್ರದಲ್ಲೇ ಬರೆ. ಆಮೇಲೆ ಯಾರಾದರೂ ತಿದ್ದಿದರೆ ಕೂಡಿಸಿ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಮಾತು. ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆಯುವ ನೀರೆಲ್ಲ ಕೆಆರ್‌ಎಸ್‌ನಿಂದ ಬಿಟ್ಟದ್ದು ಅಂತ ಜನ ತಿಳಿಯುತ್ತಾರೆ. ಕಬಿನಿ, ಶಿಂಷಾ, ಅರ್ಕಾವತಿ ನೀರೂ ಅಲ್ಲಿಗೆ ಸೇರಿರುತ್ತದೆ. ಅದನ್ನು ಒಂದು ಸಾಲಿನಲ್ಲಿ ಹೇಳು. ಹೆಸರು ಮಾತ್ರ ತೆಗೆಯಬೇಡ. ಹೆಸರಿಲ್ಲದ ಅಂಕಿಯನ್ನು ಯಾರೂ ನಂಬಬಾರದು.

ಹಾಸನದವಳು, ಈಗ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ:

ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಹೆಸರಿನ ವಿಷಯದಲ್ಲಿ ಮಾತ್ರ ಸ್ವಲ್ಪ ಬೇರೆ ಅಭಿಪ್ರಾಯ. ಹುಡುಗಿಯರಿಗೆ ಬರುವ ಸಂದೇಶಗಳೇ ಬೇರೆ. ಗಲಾಟೆ ಜೋರಾದ ತಿಂಗಳಲ್ಲಿ ಪೋಸ್ಟ್ ಕೆಳಗಿನ ಕಾಮೆಂಟ್ ಜಾಗ ಮುಚ್ಚಿಡಿ, ಅದರಲ್ಲಿ ತಪ್ಪೇನಿಲ್ಲ. ಪೋಸ್ಟ್ ಹಾಕಿ, ಫೋನ್ ದೂರ ಇಟ್ಟು, ಅಧ್ಯಾಯದ ಮುಂದೆ ಕೂತುಬಿಡಿ. ಪ್ರಶ್ನೆಗಳಿಗೆ ಭಾನುವಾರ ಒಟ್ಟಿಗೆ ಉತ್ತರ ಹೇಳಿ. ನನ್ನ ಪಿಎಚ್‌ಡಿ ಮುಗಿದದ್ದು ದಿನಾ ಬೆಳಿಗ್ಗೆ ಮೂರು ಗಂಟೆಯಷ್ಟು ಹೊತ್ತನ್ನು ಯಾರಿಗೂ ಕೊಡದೆ ಇದ್ದದ್ದರಿಂದ.

ಇಷ್ಟು ದಿನ ಬರೆದಿಟ್ಟ ಅಂಕಿಗಳನ್ನು ಒಂದು ಪಟ್ಟಿ ಮಾಡಿ ಝೆನೊಡೊದಲ್ಲಿ (ಸಂಶೋಧನೆಯ ದತ್ತಾಂಶ ಇಡುವ ಜಾಲತಾಣ) ಹಾಕಿ. ದುಡ್ಡು ಕೊಡಬೇಕಿಲ್ಲ, ಡಿಒಐ ಅನ್ನುವ ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ. ನಿಮ್ಮ ಆರ್ಕಿಡ್ (ಸಂಶೋಧಕರ ಗುರುತಿನ) ಖಾತೆಗೆ ಅದನ್ನು ಸೇರಿಸಬಹುದು. ಆಗ ಈ ಕೆಲಸವನ್ನು ನಿಮ್ಮ ಸಂಶೋಧನೆಯ ಪಟ್ಟಿಯಲ್ಲೂ ತೋರಿಸಬಹುದು. ಯಾರಾದರೂ ತಿದ್ದಿದ ಚಿತ್ರ ತಂದರೆ ಮೂಲ ಇಲ್ಲಿದೆ ನೋಡಿ ಅಂತ ಕೊಂಡಿ ಕೊಟ್ಟರೆ ಆಯ್ತು. ದಿನಾ ಬರೆಯುವ ಬದಲು ವಾರಕ್ಕೊಮ್ಮೆ ಬರೆದರೆ ಹೇಗೆ?

ಮದ್ದೂರು ರೈತ:

ಡೆಲ್ಫ್ಟ್ ಮೇಡಂ ವಾರಕ್ಕೊಮ್ಮೆ ಅಂದರು. ನಮಗೆ ದಿನಾ ಬೇಕು ಕಣಮ್ಮ. ನಿನ್ನ ಪೋಸ್ಟನ್ನ ನಮ್ಮೂರ ಟೀ ಅಂಗಡೀಲಿ ಓದ್ತೀವಿ.

ಆದರೆ ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಕಟ್ಟೆ 124.80 ಅಡಿ, ಅಂದ್ರೆ ಪೂರ್ತಿ ತುಂಬಿದೆ ಅಂತ ಗೊತ್ತಾದ್ರೆ ಖುಷಿ ಆಗುತ್ತೆ, ಅಷ್ಟೇ. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿತ್ತು. ಹಾಗಂತ ನಮ್ಮ ತೂಬಿಗೆ ಅವತ್ತೇ ನೀರು ಬಂತಾ? ಇಲ್ಲ. ನಾಲೆಗೆ ಎಷ್ಟು ಬಿಟ್ಟರು, ಕಟ್ಟು ನೀರು (ಸರದಿ ಮೇಲೆ ಬಿಡೋ ನೀರು) ಯಾವತ್ತಿಂದ, ಎಷ್ಟು ದಿನ ಅನ್ನೋದು ಗೊತ್ತಾದ್ರೆ ತಾನೆ ನಾನು ಭತ್ತದ ಒಟ್ಲು (ಸಸಿ ಮಡಿ) ಬಿಡೋದು? ಅದನ್ನ ಬರಿ.

ಮಳವಳ್ಳಿ ಹುಡುಗಿ:

ಅಣ್ಣ, ನಿಮ್ಮ ಮಾತನ್ನು ಮೂರು ಸಲ ಓದಿದೆ. ನನ್ನ ಮೂರನೇ ಅಧ್ಯಾಯ ನಿಂತಿರೋದೂ ಅಲ್ಲೇ. ನಾಲೆಗೆ ನೀರು ಬಿಟ್ಟ ದಿನ ನನಗೆ ಗೊತ್ತಿದೆ. ಕೊನೆಯ ತೂಬಿಗೆ ಅದು ಮುಟ್ಟಿದ ದಿನದ ಲೆಕ್ಕ ಮಾತ್ರ ನನಗೆ ಎಲ್ಲೂ ಸಿಕ್ಕಿಲ್ಲ.

ನಿಲ್ಲಿಸುವುದಿಲ್ಲ. ನಾಳೆಯಿಂದ ಸರ್ ಹೇಳಿದ ಹಾಗೆ ತಾರೀಖು ಸಾಲಿನ ಒಳಗೇ ಇರುತ್ತದೆ, ಲೆಕ್ಕವೂ ಇರುತ್ತದೆ. ನಾಲೆಯ ಹರಿವನ್ನು ಮೊದಲ ಸಾಲಿನಲ್ಲಿ ಹಾಕುತ್ತೇನೆ, ಕಟ್ಟೆಯ ಮಟ್ಟ ಆಮೇಲೆ. ಉತ್ತರ ಭಾನುವಾರ ಮಾತ್ರ. ಹೆಸರು ಹಾಗೇ ಇರಲಿ. ಸಂಜೆ ಅಪ್ಪನ ಹತ್ತಿರ ಮಾತಾಡಿದೆ. "ನೀನು ಬರೆದದ್ದು ಸರಿ ಇದ್ರೆ ಹೆಸರು ಯಾಕೆ ತೆಗೀಬೇಕು" ಅಂದರು.

ಅಣ್ಣ, ನಿಮ್ಮ ತೂಬಿಗೆ ನೀರು ಬಂದ ದಿನಗಳು ಏನಾದರೂ ನೆನಪಿದೆಯಾ? ಪ್ರಬಂಧದಲ್ಲಿ ಬಳಸುವ ಮೊದಲು ಗೈಡ್ ಮೇಡಂ ಹತ್ತಿರ ಕೇಳಿಕೊಂಡು, ನಿಮ್ಮ ಒಪ್ಪಿಗೆ ಬರಹದಲ್ಲಿ ತಗೋತೀನಿ.

ಮದ್ದೂರು ರೈತ:

ನೆನಪು ಯಾಕೆ? ಕ್ಯಾಲೆಂಡರ್‌ನಲ್ಲಿ ಗೀಟು ಹಾಕಿಟ್ಟಿದೀನಿ. ಮೂರು ವರ್ಷದ್ದು ಅಟ್ಟದ ಮೇಲಿದೆ. ಬೆಳಿಗ್ಗೆ ಇಳಿಸಿ ಫೋಟೊ ಹಾಕ್ತೀನಿ.